ಟ್ರೀ ಯಾವಾಗಲೂ ತಾಲ್ಲೂಕನ್ನೇ ಯಾಕೆ ಹಿಡಿಯುತ್ತದೆ?

ಪ್ರಶ್ನೆ: ವಾಹನ ವಿಮೆ ಗ್ರಾಹಕರಲ್ಲಿ ಯಾರು ರಿನ್ಯೂ ಮಾಡಿಸುತ್ತಾರೆ ಅಂತ ಗುಂಪು ಮಾಡಲು ಡಿಸಿಷನ್ ಟ್ರೀ (ಒಂದೊಂದೇ ಕಾಲಂ ಹಿಡಿದು ಡೇಟಾವನ್ನು ಕೊಂಬೆಗಳಾಗಿ ಒಡೆಯುತ್ತಾ ಹೋಗುವ ವಿಧಾನ) ಬಳಸುತ್ತಿದ್ದೇನೆ ಮೇಡಂ. ಕಾಲಂಗಳಲ್ಲಿ ಅಂಕಿಗಳಿಲ್ಲ, ಬರೀ ಹೆಸರುಗಳು: ಜಿಲ್ಲೆ, ತಾಲ್ಲೂಕು, ಕಸುಬು, ಗಾಡಿ. ಟ್ರೀ ಪ್ರತಿ ಸಲ ತಾಲ್ಲೂಕಿನಿಂದಲೇ ಒಡೆಯುತ್ತದೆ. ಹಳೇ ಡೇಟಾದಲ್ಲಿ ಚೆನ್ನಾಗಿ ಬರುತ್ತದೆ, ಹೊಸದರಲ್ಲಿ ಕೈಕೊಡುತ್ತದೆ.

ಉತ್ತರ: ಯಾವ ಕಾಲಂನಿಂದ ಒಡೆಯಬೇಕು ಅಂತ ಟ್ರೀ ಆರಿಸುತ್ತದಲ್ಲ, ತೊಂದರೆ ಆ ಅಳತೆಗೋಲಿನಲ್ಲೇ ಇದೆ. ಒಂದು ಸಣ್ಣ ಲೆಕ್ಕ ಹಾಕೋಣ. ಹತ್ತು ಗ್ರಾಹಕರು, ಹತ್ತೂ ಜನ ಬೇರೆ ಬೇರೆ ತಾಲ್ಲೂಕಿನವರು, ಐವರು ರಿನ್ಯೂ ಮಾಡಿಸಿದ್ದಾರೆ. ತಾಲ್ಲೂಕಿನಿಂದ ಒಡೆದರೆ ಕೊಂಬೆಗೊಬ್ಬರೇ ಉಳಿಯುತ್ತಾರೆ, ಎಲ್ಲೂ ಬೆರಕೆಯಿಲ್ಲ, ಹಾಗಾಗಿ ಇನ್ಫರ್ಮೇಷನ್ ಗೇನ್ (ಒಡೆದ ಮೇಲೆ ಬೆರಕೆ ಎಷ್ಟು ಕಡಿಮೆಯಾಯಿತು ಅನ್ನುವ ಅಳತೆ) ಪೂರ್ತಿ 1 ಬರುತ್ತದೆ. ಆದರೆ ಕಲಿತದ್ದೇನೂ ಇಲ್ಲ ಅಲ್ವಾ? ಈಗ ಕಸುಬು ನೋಡಿ. ಸಂಬಳದವರು ಐವರಲ್ಲಿ ನಾಲ್ವರು ಮಾಡಿಸಿದ್ದಾರೆ, ವ್ಯಾಪಾರಸ್ಥರು ಐವರಲ್ಲಿ ಒಬ್ಬರು. ಗೇನ್ ಬರೀ 0.28.

ಕ್ವಿನ್ಲನ್ ಅವರ ಸಿ4.5 ಅನ್ನುವ ಟ್ರೀ ವಿಧಾನ ಇದಕ್ಕೆ ಗೇನ್ ರೇಷಿಯೋ ಬಳಸುತ್ತದೆ, ಅಂದರೆ ಕೊಂಬೆ ಜಾಸ್ತಿಯಾದಷ್ಟೂ ದಂಡ. ಹಾಕಿ ನೋಡಿ: ತಾಲ್ಲೂಕಿಗೆ 0.30, ಕಸುಬಿಗೆ 0.28. ಆಗಲೂ ತಾಲ್ಲೂಕೇ ಗೆಲ್ಲುತ್ತದೆ! ಅದೇ ಕೈ-ಸ್ಕ್ವೇರ್ ಪರೀಕ್ಷೆ ಹಾಕಿದರೆ ತಾಲ್ಲೂಕಿನ ಪಿ-ವ್ಯಾಲ್ಯೂ 0.35, ಕಸುಬಿನದು 0.06; ಇದು ಕಡಿಮೆಯಿದ್ದಷ್ಟೂ ಸಂಬಂಧ ಬರೀ ಆಕಸ್ಮಿಕ ಅನ್ನುವುದು ಕಷ್ಟ, ಹಾಗಾಗಿ ಇಲ್ಲಿ ಕಸುಬು ಗೆಲ್ಲುತ್ತದೆ. (ಹತ್ತೇ ಜನಕ್ಕೆ ಈ ಪರೀಕ್ಷೆ ಸಲ್ಲದು, ತೋರಿಸಲು ಹಾಕಿದೆ ಅಷ್ಟೇ.)

ಹಾಗಾಗಿ ನಾನು ಕೈ-ಸ್ಕ್ವೇರ್ ಮೇಲೇ ನಿಂತ ಚೈಡ್ (CHAID) ಅನ್ನುವ ಟ್ರೀ ಹಿಡಿಯಿರಿ ಅನ್ನುತ್ತೇನೆ. ಗಾರ್ಡನ್ ಕಾಸ್ 1980ರಲ್ಲಿ ಕೊಟ್ಟ ವಿಧಾನ ಅದು. ಒಂದೇ ಥರ ನಡೆದುಕೊಳ್ಳುವ ತಾಲ್ಲೂಕುಗಳನ್ನು ಮೊದಲು ಒಟ್ಟಿಗೆ ಸೇರಿಸುತ್ತದೆ, ಹಾಗೆ ಸೇರಿಸಲು ಎಷ್ಟು ದಾರಿಗಳಿದ್ದವು ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡು ಪಿ-ವ್ಯಾಲ್ಯೂವನ್ನು ಮೇಲೇರಿಸುತ್ತದೆ, ಆಮೇಲೇ ಕಾಲಂ ಆರಿಸುತ್ತದೆ. ಐದಾರೇ ಗ್ರಾಹಕರಿರುವ ತಾಲ್ಲೂಕುಗಳನ್ನು ಮೊದಲೇ 'ಇತರೆ'ಗೆ ಹಾಕಿಬಿಡಿ.

ಇನ್ನೊಂದು ಮಾತು. ಜಿಲ್ಲೆಗಳಿಗೆ ಸುಮ್ನೆ 1, 2, 3 ಅಂತ ನಂಬರ್ ಕೊಟ್ಟಿದ್ದರೆ ದಯವಿಟ್ಟು ತೆಗೆಯಿರಿ. '15ಕ್ಕಿಂತ ಕಡಿಮೆ ಜಿಲ್ಲೆ' ಅಂದರೆ ಏನರ್ಥ? ನಮ್ಮ 31 ಜಿಲ್ಲೆಗಳನ್ನು ಎರಡು ಗುಂಪು ಮಾಡಲು 107 ಕೋಟಿಗೂ ಮೀರಿ ದಾರಿಗಳಿವೆ. ಉತ್ತರ ಹೌದು-ಇಲ್ಲ ಮಾತ್ರ ಆಗಿರುವಾಗ ರಿನ್ಯೂ ಪ್ರಮಾಣದ ಪ್ರಕಾರ ಜಿಲ್ಲೆಗಳನ್ನು ಸಾಲಾಗಿ ಜೋಡಿಸಿ 30 ಕಡೆ ಕತ್ತರಿಸಿ ನೋಡಿದರೆ ಸಾಕು, ಎಲ್ಲಕ್ಕಿಂತ ಒಳ್ಳೆಯ ಒಡಕು ಅದರಲ್ಲೇ ಸಿಗುತ್ತದೆ. ಬ್ರೈಮನ್ ಮತ್ತು ಜೊತೆಗಾರರು 1984ರಲ್ಲೇ ಇದನ್ನು ತೋರಿಸಿಕೊಟ್ಟಿದ್ದಾರೆ.

ಎಲ್ಲ ಮುಗಿದ ಮೇಲೆ ತಾಲ್ಲೂಕು ಕಾಲಂ ಒಂದನ್ನೇ ಇಸ್ಪೀಟಿನ ಹಾಗೆ ಕಲಸಿ (ಆಗ ಅದರಲ್ಲಿ ಅರ್ಥವೇನೂ ಉಳಿದಿರುವುದಿಲ್ಲ) ಟ್ರೀಯನ್ನು ಮತ್ತೆ ಓಡಿಸಿ. ಆಗಲೂ ಅದು ತಾಲ್ಲೂಕಿನಿಂದಲೇ ಶುರುವಾದರೆ ನನಗೆ ಮತ್ತೆ ಬರೆಯಿರಿ.