ಹತ್ತು ವರ್ಷದಿಂದ ನಿಂತ ಯೆಜ್ಡಿ ರೋಡ್‌ಕಿಂಗ್: ಹೊಸ ಪೆಟ್ರೋಲ್ ಹಾಕಿ ಕಿಕ್ ಹೊಡೆದರೆ ಸಾಕೇ?

ತಂದೆಯವರ ಹಳೆಯ ಯೆಜ್ಡಿ ರೋಡ್‌ಕಿಂಗ್ ಬೈಕ್ ಹತ್ತು ವರ್ಷದಿಂದ ನಿಂತಿದೆ, ಹೊಸ ಪೆಟ್ರೋಲ್ ಹಾಕಿ ಕಿಕ್ ಹೊಡೆದರೆ ಸಾಕೇ ಅಂತ ಕೇಳಿದ್ದೀರಿ. ಈಗಲೇ ಕಿಕ್ ಹೊಡೆಯಬೇಡಿ. ನಿಮ್ಮ ತಂದೆಯವರ ಗಾಡಿಯಂಥದ್ದೇ ಒಂದು ರೋಡ್‌ಕಿಂಗ್ ನಮ್ಮ ಮನೆಯ ಹಿತ್ತಿಲ ಶೆಡ್ಡಿನಲ್ಲೂ ನಿಂತಿತ್ತು. "ಮೊದಲು ಸ್ಟಾರ್ಟ್ ಆಗಲಿ, ಪೇಂಟ್ ಮಾಡಿಸಿ ಓಡಿಸೋಣ" ಅಂತ ಬರೆದಿದ್ದೀರಲ್ಲ, ನನ್ನ ಲೆಕ್ಕವೂ ಅದೇ ಆಗಿತ್ತು. ಸ್ಟಾರ್ಟ್ ಆಯ್ತು. ಮೂರನೇ ಭಾನುವಾರ ಚಾಮುಂಡಿ ಬೆಟ್ಟದ ಏರಿನಲ್ಲಿ ಎಂಜಿನ್ ಸೀಜ್ ಆಯ್ತು, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ನಿಂತಿತು.

ಕಣ್ಣಿಗೆ ಕಾಣುವ ಕೆಲಸವನ್ನೆಲ್ಲ ಸರಿಯಾಗಿಯೇ ಮಾಡಿದ್ದೆ. ಪ್ಲಗ್ ಬಿಚ್ಚಿ ಸಿಲಿಂಡರಿಗೆ ಎರಡು ಚಮಚ 2ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಆಯಿಲ್) ಬಿಟ್ಟು, ಒಂದು ರಾತ್ರಿ ನೆನೆಸಿ, ಕಿಕ್ಕರನ್ನು ಕೈಯಲ್ಲೇ ನಿಧಾನವಾಗಿ ಒತ್ತಿ ಪಿಸ್ಟನ್ ಆಡುತ್ತದೆಂದು ನೋಡಿಕೊಂಡೆ. ಟ್ಯಾಂಕಿಗೆ ಒಂದು ಹಿಡಿ ನಟ್ಟು, ಅರ್ಧ ಲೀಟರ್ ಪೆಟ್ರೋಲ್ ಹಾಕಿ ಕುಲುಕಿ ತುಕ್ಕು ತೆಗೆದೆ. ಕಾರ್ಬುರೇಟರ್ ಬಿಡಿಸಿ ಪೈಲಟ್ ಜೆಟ್‌ಗೆ, ಅಂದರೆ ಐಡ್ಲಿಂಗಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಭಾಗಕ್ಕೆ, ಕ್ಲೀನರ್ ಹೊಡೆದು ಗಾಳಿ ಊದಿಸಿದೆ (ಅದಕ್ಕೆ ತಂತಿ ತೂರಿಸಬೇಡಿ, ತೂತು ದೊಡ್ಡದಾಗುತ್ತದೆ). ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ ಉಜ್ಜಿ ಗ್ಯಾಪ್ 0.4 ಮಿ.ಮೀ.ಗೆ ಇಟ್ಟೆ.

ಪಿಸ್ಟನ್ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, ಅದರ ಎರಡು ತುದಿಯ ರಬ್ಬರ್ ಆಯಿಲ್ ಸೀಲ್ ಮಾತ್ರ ಬದಲಿಸಲಿಲ್ಲ.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಇರುವ ಪೆಟ್ಟಿಗೆಯೇ, ಅಂದರೆ ಕ್ರ್ಯಾಂಕ್ ಕೇಸೇ ಪಂಪು. ಪಿಸ್ಟನ್ ಮೇಲೆ ಹೋದಾಗ ಕಾರ್ಬುರೇಟರಿನಿಂದ ಗಾಳಿ, ಪೆಟ್ರೋಲು, ಆಯಿಲು ಎಲ್ಲವನ್ನೂ ಕೇಸು ಒಳಗೆಳೆದುಕೊಳ್ಳುತ್ತದೆ. ಕೆಳಗೆ ಬಂದಾಗ ಅದೇ ಮಿಶ್ರಣ ಸಿಲಿಂಡರಿಗೆ ತಳ್ಳಲ್ಪಡುತ್ತದೆ. ಆದ್ದರಿಂದ ಕ್ರ್ಯಾಂಕಿನ ಎರಡೂ ತುದಿಯಲ್ಲಿ ಗಾಳಿ ಆಡಬಾರದು, ಅದನ್ನು ತಡೆಯುವುದೇ ಈ ಸೀಲ್. ಈ ಗಾಡಿ ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಯಾರೂ ಬದಲಿಸಿಲ್ಲ ಎಂದಾದರೆ ನಿಮ್ಮ ಸೀಲಿನ ರಬ್ಬರಿಗೆ ಕಡಿಮೆಯೆಂದರೂ ಅಷ್ಟು ವಯಸ್ಸು.

ಎಡಗಡೆಯದು, ಅಂದರೆ ಕ್ಲಚ್ ಕಡೆಯದು ಹೋದರೆ ಗೇರ್‌ಬಾಕ್ಸಿನ ಆಯಿಲನ್ನು ಎಂಜಿನ್ ಕುಡಿಯುತ್ತದೆ. ಬಿಳಿ ಹೊಗೆ ನಿಲ್ಲುವುದಿಲ್ಲ, ಪ್ಲಗ್ ಒದ್ದೆಯಾಗುತ್ತದೆ, ಗೊತ್ತಾಗಿಬಿಡುತ್ತದೆ. ಬಲಗಡೆ ಆಲ್ಟರ್ನೇಟರ್ (ಕರೆಂಟ್ ಹುಟ್ಟಿಸುವ ಭಾಗ) ಹಿಂದಿನದು ಹೋದರೆ ಹೊಗೆಯೇ ಇಲ್ಲ. ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಪೆಟ್ರೋಲಿನ ಜೊತೆಗೇ ಆಯಿಲ್ ಬರುವುದರಿಂದ ಅದೂ ಕಡಿಮೆಯಾಗಿ, ಪಿಸ್ಟನ್ ಕಾದು ಉಬ್ಬಿ ಸಿಲಿಂಡರನ್ನು ಕಚ್ಚಿಕೊಳ್ಳುತ್ತದೆ. ನನಗಾದದ್ದೂ ಇದೇ. ನನ್ನ ಗಾಡಿ ಎರಡು ವಾರ ಮುಂಚೆಯೇ ಹೇಳಿತ್ತು: ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ನಾಲ್ಕೈದು ಸೆಕೆಂಡ್ ಮೇಲೇ ಕೂಗಿ ಆಮೇಲೆ ಇಳಿಯುತ್ತಿತ್ತು, ಪ್ಲಗ್ಗಿನ ತುದಿ ಸುಣ್ಣದ ಹಾಗೆ ಬೆಳ್ಳಗಿತ್ತು. ನಾನು ಕಾರ್ಬುರೇಟರಿನ ದೋಷ ಅಂದುಕೊಂಡು ಐಡ್ಲಿಂಗ್ ಸ್ಕ್ರೂ ತಿರುಗಿಸುತ್ತ ಕೂತೆ. ಬಿಚ್ಚಿದಾಗ ಸೀಲಿನ ಅಂಚನ್ನು ಉಗುರಿನಿಂದ ಒತ್ತಿದ್ದೇ ತಡ, ಒಣಗಿದ ಹುಣಸೆ ಸಿಪ್ಪೆಯಂತೆ ಪಟ್ಟನೆ ಮುರಿಯಿತು. ಆ ಎರಡು ರಬ್ಬರ್ ಬಳೆಯ ದುಡ್ಡು ಉಳಿಸಲು ಹೋಗಿ ರೀಬೋರ್ (ಸಿಲಿಂಡರ್ ಮತ್ತೆ ಕೊರೆಸುವುದು), ಹೊಸ ಪಿಸ್ಟನ್, ರಿಂಗ್ ಎಲ್ಲಕ್ಕೂ ದುಡ್ಡು ತೆತ್ತೆ.

ಹಾಗಾಗಿ ನಿಮ್ಮ ಪೇಂಟಿನ ದುಡ್ಡನ್ನು ಮೊದಲು ಇಲ್ಲಿಗೆ ಹಾಕಿ. ಸೀಲ್ ಬದಲಿಸಲು ಬಲಗಡೆ ಆಲ್ಟರ್ನೇಟರ್, ಎಡಗಡೆ ಕ್ಲಚ್ ಮತ್ತು ಪ್ರೈಮರಿ ಚೈನ್ ಇಳಿಸಬೇಕು. ಬಿಗಿದ ಭಾಗ ಎಳೆದು ತೆಗೆಯುವ ಪುಲ್ಲರ್ ಇಲ್ಲದೆ ಸ್ಕ್ರೂಡ್ರೈವರ್ ಹಾಕಿ ಮೀಟುವವರ ಕೈಗೆ ಕೊಡಬೇಡಿ. ಹೊಸ ಸೀಲಿನ ಒಳ ಅಂಚಿಗೆ ಗ್ರೀಸ್ ಸವರಿ, ಅದೇ ಅಗಲದ ಸಾಕೆಟ್ ಇಟ್ಟು ಸುತ್ತಲೂ ಸಮನಾಗಿ ತಟ್ಟಿ ಕೂರಿಸಬೇಕು. ಬಿಚ್ಚಿದ್ದಾಗಲೇ ಕ್ರ್ಯಾಂಕನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಆಟ ಕೈಗೆ ಸಿಕ್ಕರೆ ಬೇರಿಂಗ್ ಹೋಗಿದೆ, ಕೇಸ್ ಬಿಡಿಸದೆ ದಾರಿಯಿಲ್ಲ. ಪೆಟ್ರೋಲಿಗೆ ಲೀಟರಿಗೆ 40 ಮಿ.ಲೀ. 2ಟಿ ಆಯಿಲ್, ಅಳತೆ ಕಪ್ಪಿನಲ್ಲೇ. ಅಂದಾಜಿಗೆ ಸುರಿಯಬೇಡಿ.

ಟೈರಿನ ಮೇಲಿನ ಗೀರುಗಳು ಇನ್ನೂ ಆಳವಾಗಿದ್ದರೂ ಬದಲಿಸಿ, ಪಕ್ಕದ ಗೋಡೆ ಬಿರುಕು ಬಿಟ್ಟಿರುತ್ತದೆ. ಬ್ರೇಕ್ ಶೂ, ಕೇಬಲ್‌ಗಳೂ ಹೊಸವೇ ಇರಲಿ.

ಆರ್‌ಸಿ 15 ವರ್ಷಕ್ಕೆ ಮುಗಿದಿರುತ್ತದೆ. ಫಾರಂ 25 ತುಂಬಿ, ಗಾಡಿಯನ್ನು ಆರ್‌ಟಿಒಗೆ ತೋರಿಸಿದರೆ ಮುಂದಿನ 5 ವರ್ಷಕ್ಕೆ ನವೀಕರಣ. ಅಲ್ಲಿ ಚಾಸಿಸ್ ನಂಬರ್ ನೋಡುತ್ತಾರೆ, ಅದು ಓದಲು ಬರುವಂತಿರಬೇಕು. ಪೇಂಟರ್ ಅದರ ಮೇಲೆ ಪುಟ್ಟಿ (ಗುಳಿ ಮುಚ್ಚುವ ಮೆತ್ತೆ) ತುಂಬಿ ಬಣ್ಣ ಹೊಡೆದರೆ ಮತ್ತೆ ಕೆರೆಯಬೇಕಾಗುತ್ತದೆ. ಪೇಂಟಿಂಗ್ ಆರ್‌ಟಿಒ ಕೆಲಸ ಮುಗಿದ ಮೇಲೆ ಮಾಡಿಸಿ.