ಎರಡು ಪ್ಲಸ್ ಅಂದರೆ ಏನು ಡಾಕ್ಟ್ರೇ?

ಪ್ರಶ್ನೆ: ನನ್ನ ಅಕ್ಕನಿಗೆ 54 ವರ್ಷ. ಮುಟ್ಟು ನಿಂತು ಮೂರು ವರ್ಷವಾಯಿತು. ಬಯಾಪ್ಸಿಯಲ್ಲಿ ಸ್ತನ ಕ್ಯಾನ್ಸರ್ ಅಂತ ಬಂದಿದೆ. ರಿಪೋರ್ಟಿನಲ್ಲಿ 'ಇಆರ್ 90%, ಪಿಆರ್ 60%, ಹರ್‌-ಟು 2+' ಎಂದಿದೆ. 'ಫಿಶ್' ಅನ್ನೋ ಇನ್ನೊಂದು ಟೆಸ್ಟ್ ಬಂದಮೇಲೇ ಚಿಕಿತ್ಸೆ ಅಂತಾರೆ. ಸುಮ್ನೆ ದಿನ ಹೋಗ್ತಿದೆ ಅಂತ ಭಯ. ಕಾಯಬೇಕಾ?

ಉತ್ತರ: ಕಾಯಿರಿ. ನಾನು ದಿನವೂ ಇಂಥ ಸ್ಲೈಡ್‌ಗಳನ್ನೇ ನೋಡುವ ಪೆಥಾಲಜಿಸ್ಟ್. 2+ ಅಂತ ಬರೆಯುವಾಗಲೆಲ್ಲ ಮನೆಯವರ ಆತಂಕ ನೆನಪಾಗುತ್ತದೆ. ಯಾಕಂದರೆ ಅದು ಹೌದೂ ಅಲ್ಲ, ಇಲ್ಲವೂ ಅಲ್ಲ.

ಹರ್‌-ಟು ಜೀವಕೋಶದ ಹೊರಪೊರೆಯಲ್ಲಿರುವ ಪ್ರೋಟೀನ್. ಜಾಸ್ತಿಯಾದರೆ ಕೋಶಕ್ಕೆ 'ಬೆಳೆ, ಬೆಳೆ' ಎಂಬ ಸಂದೇಶ ಹೋಗುತ್ತಲೇ ಇರುತ್ತದೆ. ಬಣ್ಣ ಹಾಕಿದಾಗ 3+ನಲ್ಲಿ ಪ್ರತಿ ಕೋಶದ ಸುತ್ತ ದಟ್ಟ ಕಂದು ಗೆರೆ ಬಲೆಯಂತೆ ಕಾಣುತ್ತದೆ. ಅದರಲ್ಲಿ ಅನುಮಾನವೇ ಇಲ್ಲ. ನಿಮ್ಮ ಅಕ್ಕನ 2+ನಲ್ಲಿ ಆ ಗೆರೆ ತೆಳುವಾಗಿದೆ. ಬರೀ ಕಣ್ಣಳತೆಯಲ್ಲಿ ತೀರ್ಮಾನ ಮಾಡಿದರೆ ತಪ್ಪಾಗುತ್ತದೆ. ಅದಕ್ಕೇ ಫಿಶ್. ಅದರಲ್ಲಿ ಹರ್‌-ಟು ಜೀನ್ ಹೊಳೆಯುವ ಚುಕ್ಕೆಯಾಗಿ ಕಾಣುತ್ತದೆ. ಸಾಮಾನ್ಯ ಕೋಶದಲ್ಲಿ ಎರಡೇ ಚುಕ್ಕೆ. ಪಾಸಿಟಿವ್ ಆದರೆ ಕೆಲವೊಮ್ಮೆ ಗುಂಪು ಗುಂಪಾಗಿ ಚೆಲ್ಲಿದಂತಿರುತ್ತವೆ. ಒಂದೊಂದೇ ಕೋಶ ನೋಡಿ ಎಣಿಸುತ್ತೇವೆ.

ಈ ಎಣಿಕೆ ಮೇಲೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಪಾಸಿಟಿವ್ ಆದರೆ ಹರ್‌-ಟುವನ್ನೇ ತಡೆಯುವ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್, ಸಾಮಾನ್ಯವಾಗಿ ಒಂದು ವರ್ಷ. ಗಡ್ಡೆ ದೊಡ್ಡದಿದ್ದರೆ ಆಪರೇಷನ್‌ಗೆ ಮೊದಲೇ ಕೀಮೋ ಜೊತೆ ಶುರು ಮಾಡುವುದೂ ಉಂಟು. 1998ರಲ್ಲಿ ಅಮೆರಿಕದಲ್ಲಿ ಈ ಔಷಧಿಗೆ ಒಪ್ಪಿಗೆ ಸಿಕ್ಕಿತು. ಅದಕ್ಕೆ ಮೊದಲು ಹರ್‌-ಟು ಪಾಸಿಟಿವ್ ಅಂದರೆ ಬರೀ ಕೆಟ್ಟ ಸುದ್ದಿ. ಈಗ ಹಾಗಿಲ್ಲ. ಆದರೆ ನೆಗೆಟಿವ್ ಇದ್ದವರಿಗೆ ಇದನ್ನು ಕೊಟ್ಟರೆ ಲಾಭವಿಲ್ಲ, ಹೃದಯ ಮಾತ್ರ ಸೊರಗಬಹುದು. ಈ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಆಗಾಗ ಎಕೋ ಮಾಡಿಸುವುದು ಅದಕ್ಕೇ.

ಇಆರ್, ಪಿಆರ್ ಅಂದರೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳನ್ನು ಹಿಡಿಯುವ ಪ್ರೋಟೀನುಗಳು. ಎಷ್ಟು ಕ್ಯಾನ್ಸರ್ ಕೋಶಗಳಲ್ಲಿ ಅವು ಇವೆ ಅನ್ನೋದೇ ಆ ಶೇಕಡಾ ಲೆಕ್ಕ. ಇಆರ್ 90% ನೋಡಿ ನನಗೆ ನಿಜಕ್ಕೂ ಸಮಾಧಾನವಾಯಿತು. 1% ಇದ್ದರೂ ಪಾಸಿಟಿವ್ ಅಂತೀವಿ, ಇಲ್ಲಿ 90 ಇದೆ ಅಲ್ವಾ! ಫಿಶ್ ಏನೇ ಬಂದರೂ ಹಾರ್ಮೋನ್ ತಡೆಯುವ ಮಾತ್ರೆ ಅಕ್ಕನಿಗೆ ನೆರವಾಗುತ್ತದೆ. ಮುಟ್ಟು ನಿಂತವರಿಗೆ ಹೆಚ್ಚಾಗಿ ಲೆಟ್ರೊಜೋಲ್‌ನಂಥವು, ಕನಿಷ್ಠ 5 ವರ್ಷ.

ಈ ಕೆಲವು ದಿನಗಳಲ್ಲಿ ಗಡ್ಡೆ ಕೈಮೀರಿ ಹೋಗುವುದಿಲ್ಲ. ಉಳಿದ ಸ್ಕ್ಯಾನ್, ಎಕೋ ಈಗಲೇ ಮುಗಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಫಿಶ್‌ಗಾಗಿ ಅಕ್ಕನಿಗೆ ಸಾಮಾನ್ಯವಾಗಿ ಮತ್ತೆ ಸೂಜಿ ಚುಚ್ಚಬೇಕಾಗಿಲ್ಲ. ಮೊದಲ ಬಯಾಪ್ಸಿಯ ತುಣುಕು ಮೇಣದ ಬ್ಲಾಕಿನಲ್ಲಿ ಇರುತ್ತದೆ. ಬೇರೆ ಲ್ಯಾಬಿಗೆ ಹೋಗಬೇಕಾದರೆ ಆ ಬ್ಲಾಕನ್ನೇ ಕೇಳಿ ಪಡೆಯಿರಿ, ಬಿಸಿಲಲ್ಲಿ ಇಡಬೇಡಿ.