ಪ್ರವಾಸಿಗಳ ಬೂಟಿಗಿಂತ ಮೊದಲು ನನ್ನ ಚೀಲ ನೋಡಬೇಕಿತ್ತು

ಎಂ.ಎಸ್ಸಿ. ಮುಗಿದಿದೆ, ಪ್ರವಾಸಿಗಳಿಂದ ಧ್ರುವ ಪ್ರದೇಶಕ್ಕೆ ಹೊರಗಿನ ಗಿಡ, ಹುಳ ಬಂದು ಸೇರುವುದರ ಬಗ್ಗೆ ಪಿಎಚ್.ಡಿ. ಮಾಡಬೇಕು, ಅಂಟಾರ್ಕ್ಟಿಕಾ ಒಳ್ಳೆಯದಾ, ಉತ್ತರ ಧ್ರುವದ ಕಡೆ ಇರುವ ನಾರ್ವೆಯ ದ್ವೀಪಗಳು ಸ್ವಾಲ್ಬಾರ್ಡ್ ಒಳ್ಳೆಯದಾ ಎಂದು ಕೇಳಿದ್ದೀರಿ. ನನ್ನ ಹಳೆಯ ನೋಟ್‌ಬುಕ್ಕಿನ ಮೊದಲ ಪುಟದಲ್ಲೂ ಇದೇ ಸಾಲು ಇದೆ. "ಪ್ರವಾಸಿಗಳಿಂದ" ಎನ್ನುವ ಪದದ ಕೆಳಗೆ ಎರಡು ಗೆರೆ ಎಳೆದಿದ್ದೆ.

ನಾನು ಚಿತ್ರದುರ್ಗದ ಕಡೆಯವಳು. ಪಿಎಚ್.ಡಿ.ಗೆ ಸೇರುವ ಮುಂಚೆ ಎರಡು ವರ್ಷ ಹೊಲದ ಬದು, ರಸ್ತೆ ಬದಿ ಅಲೆದು ಕಾಂಗ್ರೆಸ್ ಗಿಡ ಎಣಿಸುವ ಕೆಲಸ ಮಾಡಿದ್ದೆ. ಆಗ ಜೊತೆಗಿದ್ದದ್ದು ಒಂದು ಕಪ್ಪು ಕ್ಯಾಮೆರಾ ಚೀಲ. ಅಂಟಾರ್ಕ್ಟಿಕಾಗೆ ಹೋಗುವ ಅವಕಾಶ ಸಿಕ್ಕಾಗಲೂ ಅದನ್ನೇ ತೆಗೆದುಕೊಂಡು ಹೋದೆ. ಮೊದಲು ಉತ್ತರಾಖಂಡದ ಔಲಿಯಲ್ಲಿ ಹಿಮದ ತರಬೇತಿ, ಆಮೇಲೆ ಕೇಪ್‌ಟೌನ್, ಅಲ್ಲಿಂದ ಮಂಜುಗಡ್ಡೆಯ ಮೇಲೆ ಇಳಿಯುವ ವಿಮಾನ. ಭಾರತಕ್ಕೆ ಅಲ್ಲಿ ಎರಡು ನೆಲೆಗಳಿವೆ, 1989ರ ಮೈತ್ರಿ ಮತ್ತು 2012ರ ಭಾರತಿ. ಅವುಗಳಲ್ಲೊಂದರಲ್ಲಿ ಒಂದು ಬೇಸಿಗೆ ಕಳೆದೆ.

ಅಂಟಾರ್ಕ್ಟಿಕಾದಲ್ಲಿ ಮಂಜಿಲ್ಲದ ನೆಲ ನೂರರಲ್ಲಿ ಒಂದು ಪಾಲೂ ಇಲ್ಲ. ಪಾಚಿ, ಕಲ್ಲುಹೂವು, ಹಕ್ಕಿಗಳ ಗೂಡು, ನಮ್ಮ ನೆಲೆಗಳು ಎಲ್ಲವೂ ಆ ತುಣುಕು ನೆಲಕ್ಕೇ ಬಂದು ಸೇರುತ್ತವೆ. ಹೂ ಬಿಡುವ ಗಿಡ ಇಡೀ ಖಂಡಕ್ಕೆ ಎರಡೇ ಜಾತಿ, ಒಂದು ಹುಲ್ಲು, ಇನ್ನೊಂದು ಮೆತ್ತೆಯ ಹಾಗೆ ಬೆಳೆಯುವ ಪುಟ್ಟ ಗಿಡ. ಅವೂ ಪರ್ಯಾಯ ದ್ವೀಪದ ಕಡೆಗೆ ಮಾತ್ರ. ಭಾರತದ ನೆಲೆಗಳಿರುವ ಪೂರ್ವ ಭಾಗದಲ್ಲಿ ಒಂದೂ ಇಲ್ಲ. ಅಂದರೆ ಅಲ್ಲಿನ ಮಣ್ಣಿನಲ್ಲಿ ಬೀಜವೇ ಇರಬಾರದು. ಒಂದು ಸಿಕ್ಕಿದರೂ ಯಾರೋ ತಂದದ್ದು ಎಂದೇ ಅರ್ಥ.

ನನ್ನ 41 ಮಣ್ಣಿನ ಮಾದರಿಗಳಲ್ಲಿ ಏಳರಲ್ಲಿ ಬೀಜ ಸಿಕ್ಕಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ರಾತ್ರಿ ಅನ್ನುವುದು ಗಡಿಯಾರದ ಲೆಕ್ಕದಲ್ಲಿ ಮಾತ್ರ, ಸೂರ್ಯ ಮುಳುಗುತ್ತಲೇ ಇರಲಿಲ್ಲ. ನನ್ನ ಪಿಎಚ್.ಡಿ. ಗೈಡ್‌ಗೆ ಮೇಲ್ ಬರೆದೆ. ಊರಿಗೆ ಬಂದ ಮೇಲೆ ಒಂದು ಸಮ್ಮೇಳನಕ್ಕೆ ಸಾರಾಂಶವನ್ನೂ ಕಳಿಸಿದೆ. ಒಂದು ದಿನ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಚಿತ್ರ ಪರದೆಯ ಮೇಲಿತ್ತು. ನಮ್ಮ ಲ್ಯಾಬ್ ಸಹಾಯಕರು ಟ್ರೇ ತೊಳೆಯುತ್ತಿದ್ದವರು ನಿಂತು ನೋಡಿದರು. "ಮೇಡಂ, ಇದು ಕಾಂಗ್ರೆಸ್ ಗಿಡದ ಬೀಜ ಅಲ್ವಾ? ಹೋದ ವರ್ಷ ನಾವು ಮೊಳಕೆಗೆ ಹಾಕಿದ್ದು?"

ಹೌದು. ಚಪ್ಪಟೆ ಕಪ್ಪು ಬೀಜ, ಎರಡೂ ಪಕ್ಕದಲ್ಲಿ ಒಣಗಿದ ರೆಕ್ಕೆಯಂಥ ಹೊಟ್ಟು. ಎರಡು ವರ್ಷ ಅದನ್ನೇ ಸಾವಿರಗಟ್ಟಲೆ ಎಣಿಸಿದವಳು ನಾನು. ನನಗೇ ಕಾಣಲಿಲ್ಲ, ಯಾಕೆಂದರೆ ಅದು ಬೇರೆ ಏನೋ ಆಗಿರಲಿ ಎಂದು ಬಯಸಿದ್ದೆ.

ಎಲ್ಲಿ ತಪ್ಪಾಯಿತು ಎಂದು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ದಯವಿಟ್ಟು ಓದಿ. ದಪ್ಪ ಜಾಕೆಟ್, ಬೂಟು ಎಲ್ಲ ಹೊಸದೇ ಇದ್ದವು. ಚೀಲದ ಹೊರಭಾಗವನ್ನೂ ಬ್ರಷ್ ಹಾಕಿ ಉಜ್ಜಿದ್ದೆ. ಮುಚ್ಚಳದ ವೆಲ್ಕ್ರೋ ಪಟ್ಟಿಯನ್ನು ಮಾತ್ರ ನೋಡಿರಲಿಲ್ಲ. ಅದರ ಕೊಕ್ಕೆಗಳ ನಡುವೆ, ಒಳಗಿನ ಸ್ಪಂಜಿನ ಹೊಲಿಗೆಯಲ್ಲಿ ಬೀಜಗಳು ಕೂತಿದ್ದವು. ಮಾದರಿ ತೆಗೆಯುವ ಪ್ರತಿ ಜಾಗದಲ್ಲೂ ನಾನು ಮಂಡಿಯೂರಿ, ಚೀಲವನ್ನು ಪಕ್ಕದಲ್ಲಿಟ್ಟು, ವೆಲ್ಕ್ರೋ ಪರ್ರನೆ ಎಳೆಯುತ್ತಿದ್ದೆ. ಹಾಗೆ ಎಳೆದಾಗ ಒಳಗಿರುವುದು ಸಿಡಿಯುತ್ತದೆ. ಅದೂ ಅಲ್ಲಿನ ಗಾಳಿಯಲ್ಲಿ! ಮಣ್ಣು ತೆಗೆಯುವ ಚಮಚವನ್ನು ಕವರಿಲ್ಲದೆ ಅದೇ ಚೀಲಕ್ಕೆ ಹಾಕಿ, ಮುಂದಿನ ಜಾಗದಲ್ಲಿ ಅದನ್ನೇ ತೆಗೆದು ಬಳಸುತ್ತಿದ್ದೆ.

ಇಷ್ಟಾದರೂ ಒಂದು ದಾರಿ ಉಳಿದಿರುತ್ತಿತ್ತು. ಚೆನ್ನಾಗಿ ಸುಟ್ಟು ಶುದ್ಧ ಮಾಡಿದ ಮರಳಿನ ಪೊಟ್ಟಣಗಳನ್ನು ಜೊತೆಗೆ ಒಯ್ಯಬೇಕಿತ್ತು. ಪ್ರತಿ ಕೆಲವು ಜಾಗಕ್ಕೊಮ್ಮೆ ಒಂದನ್ನು ಬಿಚ್ಚಿ, ಅದೇ ಚಮಚದಿಂದ ಕಲಸಿ, ಮುಚ್ಚಿ, ಉಳಿದ ಮಾದರಿಗಳ ಜೊತೆಗೇ ಜರಡಿ ಹಿಡಿಯಬೇಕಿತ್ತು. ಇದಕ್ಕೆ ನಾವು ಖಾಲಿ ಮಾದರಿ ಅನ್ನುತ್ತೇವೆ. ಆ ಮರಳಿನಲ್ಲಿ ಬೀಜ ಸಿಕ್ಕರೆ ಅದು ನಿಮ್ಮದು, ಅಲ್ಲಿನದಲ್ಲ. ನನ್ನ ಮೊದಲ ಯೋಜನೆಯಲ್ಲಿ ಇಂಥ ಆರು ಪೊಟ್ಟಣ ಇದ್ದವು. ಎರಡು ಕಿಲೋ ಭಾರ. ಲಗೇಜ್ ತೂಕ ಮೀರಿದಾಗ ನಾನೇ ಅವನ್ನು ತೆಗೆದು ಒಂದು ಲೆನ್ಸ್ ಇಟ್ಟುಕೊಂಡೆ. ಯಾರೂ ಹೇಳಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ.

ಗೈಡ್ ಬೈಯಲಿಲ್ಲ. "ಇದರಲ್ಲಿ ಯಾವ ಬೀಜ ಅಲ್ಲಿಯದು, ಯಾವುದು ನಿನ್ನದು, ಹೇಳಮ್ಮ" ಎಂದರು. ಹೇಳಲು ಆಗಲಿಲ್ಲ. ಏಳು ಮಾದರಿ ಮಾತ್ರ ಹಾಳಾಗಿದ್ದರೆ ಸಹಿಸಬಹುದಿತ್ತು. ಉಳಿದ 34ನ್ನೂ ನಂಬುವ ಹಾಗಿರಲಿಲ್ಲ. ಸಾರಾಂಶ ವಾಪಸ್ ತೆಗೆದುಕೊಂಡೆ. ಮತ್ತೆ ಹೋಗುವ ಅವಕಾಶ ಬರಲಿಲ್ಲ, ಪಿಎಚ್.ಡಿ. ಎರಡು ವರ್ಷ ತಡವಾಯಿತು.

ಇನ್ನೂ ನನ್ನನ್ನು ಕಾಡುವುದು ಬೇರೆ. ಕಾಂಗ್ರೆಸ್ ಗಿಡ ಆ ಚಳಿಯಲ್ಲಿ ಬದುಕುವುದಿಲ್ಲ. ಆದರೆ ವೆಲ್ಕ್ರೋಗೆ ಟೇಪ್ ಒತ್ತಿ ಎತ್ತಿದಾಗ ಅದರ ಜೊತೆ ಹುಲ್ಲಿನ ಬೀಜಗಳೂ ಬಂದವು. ತರಬೇತಿಯ ದಿನಗಳಲ್ಲಿ ಔಲಿಯ ಹುಲ್ಲುಗಾವಲಿನಲ್ಲಿ ಅದೇ ಚೀಲವನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದೆ. ಹಿಮ ಬೀಳುವ ಬೆಟ್ಟದ ಹುಲ್ಲು ಅದು, ಚಳಿ ಅದಕ್ಕೆ ಹೊಸದಲ್ಲ. ಅಂಟಾರ್ಕ್ಟಿಕಾದಲ್ಲಿ ಬೇರೂರಿದ ಹೊರಗಿನ ಹುಲ್ಲು ಪೋವಾ ಆನ್ಯುವಾ ಕೂಡ ತಂಪು ನಾಡಿನದೇ. ಕಿಂಗ್ ಜಾರ್ಜ್ ದ್ವೀಪದ ಪೋಲೆಂಡ್ ನೆಲೆಯ ಬಳಿ 1985–86ರ ಬೇಸಿಗೆಯಲ್ಲಿ ಅದು ಮೊದಲು ಕಣ್ಣಿಗೆ ಬಿತ್ತು. ಕಿತ್ತರೂ ಬೀಜ ಮಣ್ಣಿನಲ್ಲಿ ಉಳಿದು ಮತ್ತೆ ಏಳುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಯಲ್ಲಿರುವ "ಪ್ರವಾಸಿಗಳಿಂದ" ಎನ್ನುವುದನ್ನು ನಾನು ಒಪ್ಪುವುದಿಲ್ಲ. ಈಚಿನ ಬೇಸಿಗೆಗಳಲ್ಲಿ ಅಂಟಾರ್ಕ್ಟಿಕಾಗೆ ಹೋಗುವ ಪ್ರವಾಸಿಗಳು ಒಂದು ಲಕ್ಷ ದಾಟಿದ್ದಾರೆ, ಅದು ಚಿಂತೆಯ ವಿಷಯವೇ. ಆದರೆ 2007–08ರ ಬೇಸಿಗೆಯಲ್ಲಿ ಸಂಶೋಧಕರು ಅಲ್ಲಿಗೆ ಹೋಗುವವರ ಬಟ್ಟೆ, ಚೀಲ, ಬೂಟುಗಳನ್ನು ವ್ಯಾಕ್ಯೂಮ್ ಮಾಡಿ ಬೀಜ ಎಣಿಸಿದರು. 2012ರಲ್ಲಿ ಅದರ ಫಲಿತಾಂಶ ಬಂತು. ತಲೆಗೆ ಸರಾಸರಿ 9.5 ಬೀಜ. ತಲಾ ಲೆಕ್ಕದಲ್ಲಿ ಸಾಮಾನ್ಯ ಪ್ರವಾಸಿಗಳಿಗಿಂತ ವಿಜ್ಞಾನಿಗಳೇ ಜಾಸ್ತಿ ಹೊತ್ತಿದ್ದರು. ನಾವು ಕಾಡು ಮೇಡು ಅಲೆಯುವವರು, ಅದೇ ಬೂಟು ಹಾಕಿಕೊಂಡು ಹೋಗುತ್ತೇವೆ. ಅಂಟಾರ್ಕ್ಟಿಕಾ ಬಳಿಯ ಸಿಗ್ನಿ ದ್ವೀಪದ ಕಥೆ ಇನ್ನೂ ಬೇಸರದ್ದು. 1960ರ ದಶಕದಲ್ಲಿ ವಿಜ್ಞಾನಿಗಳೇ ಪ್ರಯೋಗಕ್ಕೆಂದು ಸೌತ್ ಜಾರ್ಜಿಯಾ ದ್ವೀಪದಿಂದ ಗಿಡ ತಂದು ನೆಟ್ಟರು. ಜೊತೆಗೆ ಹಾರಲಾರದ ಒಂದು ನೊರಜು ಬಂತು. ಅದರಲ್ಲಿ ಎಲ್ಲವೂ ಹೆಣ್ಣೇ, ಗಂಡಿಲ್ಲದೆಯೇ ಮರಿ ಮಾಡುತ್ತದೆ. ಈಗ ಅದು ಹರಡಿದ ಕಡೆ ಮಣ್ಣಿನ ಸಾರಜನಕವೇ ಏರಿಬಿಟ್ಟಿದೆ. ಹೊರಗಿನ ಜೀವಿಗಳನ್ನು ತರಬಾರದು ಎನ್ನುವ ಮ್ಯಾಡ್ರಿಡ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1991ರಲ್ಲಿ.

ಅಂಟಾರ್ಕ್ಟಿಕಾನಾ ಸ್ವಾಲ್ಬಾರ್ಡಾ ಅಂದರೆ, ಸ್ವಾಲ್ಬಾರ್ಡ್ ಅನ್ನುತ್ತೇನೆ. ಅಲ್ಲಿ 2008ರಿಂದ ಭಾರತದ ಹಿಮಾದ್ರಿ ನೆಲೆ ಇದೆ, ಸಾಮಾನ್ಯ ವಿಮಾನದಲ್ಲೂ ಜನ ಬಂದು ಇಳಿಯುತ್ತಾರೆ. ಅದೇ ವರ್ಷದ ಬೇಸಿಗೆಯಲ್ಲಿ 259 ಪ್ರಯಾಣಿಕರ ಬೂಟು ಪರೀಕ್ಷಿಸಿದಾಗ 1,019 ಬೀಜ ಸಿಕ್ಕಿದವು, ಸುಮಾರು ಕಾಲು ಭಾಗ ಅಲ್ಲಿನ ತಣ್ಣನೆಯ ವಾತಾವರಣದಲ್ಲೂ ಮೊಳೆತವು. ಇಷ್ಟು ಸರಳ ಪ್ರಯೋಗ, ಇಷ್ಟು ಗಟ್ಟಿ ಉತ್ತರ.

ಆದರೆ ಮೊದಲ ಒಂದು ವರ್ಷ ಎಲ್ಲಿಗೂ ಅರ್ಜಿ ಹಾಕಬೇಡಿ. ನಿಮ್ಮ ಊರಿನ ರಸ್ತೆ ಬದಿಯ ಬೀಜಗಳನ್ನು ಕಲಿಯಿರಿ, ನೋಡಿದ ತಕ್ಷಣ ಹೆಸರು ಬರುವಷ್ಟು. ಯೋಜನೆ ಬರೆಯುವಾಗ ಖಾಲಿ ಮಾದರಿಯ ಸಾಲನ್ನು ಮೊದಲು ಬರೆಯಿರಿ. ತೂಕ ಕಡಿಮೆ ಮಾಡಬೇಕಾದರೆ ಲೆನ್ಸ್ ಬಿಡಿ, ಮರಳು ಬಿಡಬೇಡಿ.

ಈಗ ನೀವು ದಿನಾ ಹಾಕಿಕೊಳ್ಳುವ ಚೀಲದ ವೆಲ್ಕ್ರೋಗೆ ಅಗಲವಾದ ಟೇಪ್ ಒತ್ತಿ, ಎತ್ತಿ, ಬಿಳಿ ಹಾಳೆಗೆ ಅಂಟಿಸಿ. ಫೋಟೋ ತೆಗೆದು ಇಲ್ಲೇ ಕೆಳಗೆ ಹಾಕಿ. ಯಾವ ಬೀಜ ಎಂದು ಹೇಳಲು ನನ್ನಿಂದಾದಷ್ಟು ನೋಡುತ್ತೇನೆ.